ಅಪ್‌ಡೇಟ್: ಕೊನೆಗೂ ಗ್ರಾಫಿಕ್ಸ್ ಕಾರ್ಡ್ ಬಂತು

ಹೊಸ ಪಿಸಿಗೆ ಆರ್‌ಟಿಎಕ್ಸ್ 4060 ತಗೊಳ್ಳಲಾ, 12 ಜಿಬಿ ಮೆಮೊರಿಯ 3060 ತಗೊಳ್ಳಲಾ ಅಂತ ಹೋದ ತಿಂಗಳು ಕೇಳಿದ್ದೆ. ಬ್ಲೆಂಡರ್ (3ಡಿ ಚಿತ್ರ ಮಾಡೋ ಸಾಫ್ಟ್‌ವೇರ್) ಕೆಲಸ, ರಾತ್ರಿ ಸ್ವಲ್ಪ ಗೇಮ್, 1080ಪಿ ಮಾನಿಟರ್. ಕೊನೆಗೆ 3060 ತಂದೆ.

"2021ರ ಹಳೇ ಕಾರ್ಡ್ ಯಾಕಪ್ಪಾ" ಅಂದವರ ಮಾತಲ್ಲೂ ನಿಜ ಇದೆ. 4060 ವೇಗ ಜಾಸ್ತಿ, ಕರೆಂಟೂ ಕಡಿಮೆ. ಅದಕ್ಕೆ 115 ವ್ಯಾಟ್, ಇದಕ್ಕೆ 170. ಡಿಎಲ್‌ಎಸ್‌ಎಸ್‌ನ ಫ್ರೇಮ್ ಜನರೇಶನ್ (ಗೇಮ್ ನಯವಾಗಿ ಕಾಣಲು ನಡುನಡುವೆ ಫ್ರೇಮ್ ತಾನೇ ಹುಟ್ಟಿಸೋದು) ಕೂಡ ನನ್ನ ಕಾರ್ಡಿಗಿಲ್ಲ. ಆದರೆ 4060ರ ಮೆಮೊರಿ 8 ಜಿಬಿ. ನಾನು ಮಾಡುತ್ತಿರುವ ತೊಟ್ಟಿಮನೆ ಸೀನನ್ನು ಮೊನ್ನೆ ರೆಂಡರ್‌ಗೆ (ಅಂದರೆ ಅಂತಿಮ ಚಿತ್ರ ತೆಗೆಯೋಕೆ) ಹಾಕಿದೆ, ಮೆಮೊರಿ ಬಳಕೆ 9 ಜಿಬಿ ದಾಟಿತು. ಹೆಂಚು, ಕಂಬ, ತುಳಸಿಕಟ್ಟೆ ಎಲ್ಲಕ್ಕೂ 4ಕೆ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸೋ ದೊಡ್ಡ ಚಿತ್ರ) ಸುರಿದಿದ್ದು ನನ್ನದೇ ದುರಾಸೆ ಅನ್ನಿ. ಬರೀ ಗೇಮ್‌ಗೆ ಆಗಿದ್ದರೆ ಕಣ್ಣು ಮುಚ್ಚಿ 4060 ತರುತ್ತಿದ್ದೆ.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಮೊದಲು ಮೂರು ಫ್ಯಾನಿನದು ತೋರಿಸಿದರು. ಟೇಪ್ ಹಿಡಿದರೆ ನನ್ನ ಕ್ಯಾಬಿನೆಟ್‌ಗೆ ಎರಡು ಸೆಂಟಿಮೀಟರ್ ಜಾಸ್ತಿ. ಎರಡು ಫ್ಯಾನಿನದೇ ಆಯಿತು. ಪಿಸಿಗೆ ಕರೆಂಟ್ ಕೊಡೋ 550 ವ್ಯಾಟ್ ಎಸ್‌ಎಂಪಿಎಸ್ ಸಾಕಾಗಿದೆ.

ಇನ್ನು ಮಾನ ಹೋದ ಕಥೆ. ಎಲ್ಲ ಜೋಡಿಸಿ ಆನ್ ಮಾಡಿದೆ. ಫ್ಯಾನ್ ತಿರುಗುತ್ತಿದೆ, ಸ್ಕ್ರೀನ್ ಮಾತ್ರ ಕಪ್ಪು. ಒಂದು ಗಂಟೆ ಸುಮ್ನೆ ರ‍್ಯಾಮ್ ತೆಗೆಯೋದು, ಹಾಕೋದು. ಅಮ್ಮ ಬಾಗಿಲಲ್ಲಿ ನಿಂತು "ಅಷ್ಟು ದುಡ್ಡು ಕೊಟ್ಟು ತಂದಿದ್ದು ಇದನ್ನೇನೋ?" ಅಂದರು. ನೋಡಿದರೆ ಎಚ್‌ಡಿಎಂಐ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚಿದ್ದೆ! ಪ್ರೊಸೆಸರ್ ಐ5-12400ಎಫ್. ಕೊನೆಯಲ್ಲಿ 'ಎಫ್' ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರೋದಿಲ್ಲ, ಮದರ್‌ಬೋರ್ಡಿನಿಂದ ಚಿತ್ರ ಬರೋದಿಲ್ಲ, ಗೊತ್ತಿದ್ದ ವಿಷಯವೇ ಅಲ್ವಾ? ಕೇಬಲ್ ಕಾರ್ಡಿಗೆ ಬದಲಾಯಿಸಿದೆ, ಬಂತು.