ರೇಷ್ಮೆ ಪತಂಗದ ಕುಡಿಮೀಸೆಯಂತಹ ಸಂವೇದಕ ಸಾಧ್ಯವೇ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಶಿಡ್ಲಘಟ್ಟ)

ನಮ್ಮೂರಿನ ಬಿತ್ತನೆ ಕೋಠಿಯಲ್ಲಿ (ರೇಷ್ಮೆ ಮೊಟ್ಟೆ ತಯಾರಿಸುವಲ್ಲಿ) ಹೆಣ್ಣು ಪತಂಗಗಳ ತಟ್ಟೆಯನ್ನು ಒಳಗೆ ತಂದರೆ ಸಾಕು, ಗಂಡುಗಳು ರೆಕ್ಕೆ ಬಡಿಯುತ್ತಾ ಸುತ್ತತೊಡಗುತ್ತವೆ. ಅದಕ್ಕೆ ಕಾರಣವಾದ, ಹೆಣ್ಣು ಸೂಸುವ ಬಾಂಬಿಕಾಲ್ ಎಂಬ ವಾಸನೆಯ ರಾಸಾಯನಿಕವನ್ನು ಜರ್ಮನಿಯ ರಸಾಯನ ವಿಜ್ಞಾನಿ ಬುಟೆನಾಂಟ್ ಅವರ ತಂಡ ಸುಮಾರು ಐದು ಲಕ್ಷ ಪತಂಗಗಳಿಂದ ಬೇರ್ಪಡಿಸಿ 1959ರಲ್ಲಿ ಗುರುತಿಸಿತು ಎಂದು ಓದಿದ್ದೇನೆ. ಗಂಡಿನ ಕುಡಿಮೀಸೆಯಲ್ಲಿ (ತಲೆಯ ಮೇಲಿನ ಆಂಟೆನಾದಲ್ಲಿ) ಆ ವಾಸನೆಯನ್ನು ಹಿಡಿಯುವ ಗ್ರಾಹಿ ಪ್ರೋಟೀನನ್ನು, ವಿದ್ಯುತ್ತು ಹರಿಸಬಲ್ಲ ಅತಿ ತೆಳುವಾದ ಇಂಗಾಲದ ನ್ಯಾನೊ ಕೊಳವೆಗೆ ಅಂಟಿಸಿದರೆ ವಾಸನೆಯ ಸಂವೇದಕ ಸಿದ್ಧವಾಗುವುದಿಲ್ಲವೇ?

ಉತ್ತರ (ಸಂವೇದಕ ಪ್ರಯೋಗಾಲಯ, ಬೆಂಗಳೂರು)

ಅಂಟಿಸಿ ನೋಡಿದ್ದಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇಲಿಯ ಘ್ರಾಣ ಗ್ರಾಹಿಗಳನ್ನು ನ್ಯಾನೊ ಕೊಳವೆಯ ಟ್ರಾನ್ಸಿಸ್ಟರ್ ಮೇಲೆ ಕೂರಿಸಿದರು. ವಾಸನೆಯ ಅಣು ತಗುಲಿದಾಗ ಕೊಳವೆಯಲ್ಲಿ ಹರಿಯುವ ವಿದ್ಯುತ್ತು ಬದಲಾಯಿತು. ಆದರೆ ಈ ಗ್ರಾಹಿಗಳು ಜೀವಕೋಶದ ಪೊರೆಯಲ್ಲಿ ಬಾಳುವಂಥವು, ಒಣಗಿದರೆ ಕೆಡುತ್ತವೆ. ಉಪ್ಪುನೀರಿನಲ್ಲಿ ಇಟ್ಟರೆ ಇನ್ನೊಂದು ತೊಡಕು: ಅಲ್ಲಿನ ಅಯಾನುಗಳು ಒಂದು ನ್ಯಾನೊಮೀಟರಿಗೂ ಕಡಿಮೆ ದೂರದಲ್ಲೇ ವಿದ್ಯುದಾವೇಶವನ್ನು ಮರೆಮಾಡುತ್ತವೆ. ಗ್ರಾಹಿಯ ಎತ್ತರವೇ ಅದಕ್ಕಿಂತ ಹೆಚ್ಚು, ಹಾಗಾಗಿ ಅದರ ಮೇಲ್ಭಾಗದಲ್ಲಿ ಆದ ಬದಲಾವಣೆ ಕೊಳವೆಗೆ ತಿಳಿಯುವುದು ಕಷ್ಟ.

ಎಲ್ಲರೂ ಸೂಕ್ಷ್ಮತೆಯ ಬೆನ್ನು ಹತ್ತಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಪತಂಗ ಹಿಡಿದ ಅಣುವನ್ನು ತೊಲಗಿಸುವ ಬಗೆ. ಕುಡಿಮೀಸೆಯ ರೋಮದೊಳಗಿನ ದ್ರವದಲ್ಲಿ ಒಂದು ಬಗೆಯ ಪ್ರೋಟೀನು ವಾಸನೆಯ ಅಣುವನ್ನು ಗ್ರಾಹಿಯವರೆಗೆ ಒಯ್ಯುತ್ತದೆ. ಬಳಿಕ ಕಿಣ್ವಗಳು ಆ ಅಣುವನ್ನು ಒಡೆದುಹಾಕುತ್ತವೆ. ಹಾಗಾಗಿಯೇ ಗಾಳಿಯಲ್ಲಿ ಹರಿದು ಬರುವ ವಾಸನೆಯ ಎಳೆಗಳನ್ನು ಒಂದೊಂದಾಗಿ ಗುರುತಿಸಿ ಪತಂಗ ದಾರಿ ಹಿಡಿಯಬಲ್ಲದು. ನಮ್ಮ ಚಿಪ್‌ಗಳಲ್ಲಿ ಹಳೆಯ ಅಣು ಅಂಟಿಕೊಂಡೇ ಇರುತ್ತದೆ, ಆಧಾರರೇಖೆ (ವಾಸನೆ ಇಲ್ಲದಾಗಿನ ಸಂಕೇತದ ಮಟ್ಟ) ಜಾರುತ್ತಾ ಹೋಗುತ್ತದೆ.

ಪ್ರಶ್ನಿಸಿದವರು

ಹಾಗಾದರೆ ಜೀವಂತ ಕುಡಿಮೀಸೆಯನ್ನೇ ಬಳಸಬಹುದಲ್ಲವೇ ಮೇಡಂ?

ಉತ್ತರ

ಬಳಸಿದ್ದಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಮಂಡೂಕಾ (Manduca) ಎಂಬ ಜಾತಿಯ ಪತಂಗದ ಕುಡಿಮೀಸೆಯನ್ನು ಪುಟ್ಟ ಡ್ರೋನಿಗೆ ಜೋಡಿಸಿ ವಾಸನೆಯ ಮೂಲದತ್ತ ಹಾರಿಸಿತು. ಆದರೆ ಕತ್ತರಿಸಿದ ಕುಡಿಮೀಸೆ ಹೆಚ್ಚೆಂದರೆ ನಾಲ್ಕು ಗಂಟೆ ಬಾಳುತ್ತದೆ.

ನಿಮ್ಮ ಕೈಗೆಟುಕುವ ಪ್ರಯೋಗವೂ ಇದೇ. ಕೋಠಿಯಲ್ಲಿ ಜೋಡಿ ಬಿಡಿಸಿದ ಮೇಲೆ ಎಸೆಯುವ ಗಂಡುಗಳನ್ನು ಕೇಳಿ ಪಡೆಯಿರಿ. ಕುಡಿಮೀಸೆಯ ಎರಡೂ ತುದಿಗೆ ವಿದ್ಯುದ್ವಾರ, ಒಂದು ಒಳ್ಳೆಯ ಆಂಪ್ಲಿಫೈಯರ್, ಬಾಂಬಿಕಾಲ್ ಸವರಿದ ಸೋಸುಕಾಗದದ ಮೇಲಿಂದ ಹಾಯಿಸಿದ ಗಾಳಿ, ಇಷ್ಟು ಸಾಕು. ಸಂಕೇತ ಎಷ್ಟು ಎತ್ತರಕ್ಕೆ ಏರಿತು ಎಂಬುದನ್ನಷ್ಟೇ ಬರೆದುಕೊಳ್ಳಬೇಡಿ. ಮತ್ತೆ ಸೊನ್ನೆಗೆ ಇಳಿಯಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದನ್ನೂ ಪ್ರತಿ ಸಲ ದಾಖಲಿಸಿ.