ಗೇಮಿಂಗ್ ಮಾನಿಟರ್ ತಗೋಬೇಕು: ಐಪಿಎಸ್ಸಾ, ವಿಎನಾ, ಓಎಲ್ಇಡಿನಾ?

ವಾಕಡ್, ಪುಣೆ (ಕೇಳಿದವರು):
ಎಲ್ಲರಿಗೂ ನಮಸ್ಕಾರ. ಕೆಲಸ ಹಿಂಜೆವಾಡಿಯಲ್ಲಿ, ವಾರಕ್ಕೆ ಮೂರು ದಿನ ಮನೆಯಿಂದಲೇ. ರಾತ್ರಿ ಗೆಳೆಯರ ಜೊತೆ ವ್ಯಾಲೊರಂಟ್ (ಗುಂಡು ಹಾರಿಸುವ ಗೇಮ್), ಶನಿವಾರ ಭಾನುವಾರ ಕಥೆ ಇರುವ ದೊಡ್ಡ ಗೇಮ್‌ಗಳು. ಪಿಸಿಯಲ್ಲಿ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಇದೆ, ಮಾನಿಟರ್ ಮಾತ್ರ ಹಳೇ 60 ಹರ್ಟ್ಸ್‌ದು (ಸೆಕೆಂಡಿಗೆ 60 ಚಿತ್ರ). 20 ಸಾವಿರದೊಳಗೆ ಹೊಸದು ನೋಡ್ತಿದ್ದೇನೆ. ಐಪಿಎಸ್, ವಿಎ, ಓಎಲ್ಇಡಿ ಅಂತ ಪ್ಯಾನೆಲ್ (ಚಿತ್ರ ಮೂಡಿಸುವ ಪರದೆ) ಬಗೆಗಳ ಬಗ್ಗೆ ಓದಿ ಓದಿ ತಲೆ ಕೆಟ್ಟಿದೆ. ಬಳಸಿದವರು ಹೇಳಿ. ನಾನು ಕೂರುವ ಜಾಗದಲ್ಲಿ ಬೆನ್ನ ಹಿಂದೆ ಪಶ್ಚಿಮದ ಕಿಟಕಿ ಇದೆ, ಅದೂ ಲೆಕ್ಕಕ್ಕೆ ಬರುತ್ತಾ?

ಡೊಂಬಿವಲಿ:
ಬರುತ್ತೆ ಮಾರಾಯ್ರೆ, ಅದೇ ಮುಖ್ಯ. ಆದರೆ ಮೊದಲು ನಾನು ಕೈ ಸುಟ್ಟುಕೊಂಡ ಕಥೆ ಕೇಳಿ.

ಮೂರು ವರ್ಷದ ಹಿಂದೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 27 ಇಂಚಿನ ಬಾಗಿದ ಮಾನಿಟರ್ ತಂದೆ. ಅಂಗಡಿಯಲ್ಲಿ ಅದರ ಮೇಲೆ ಜಲಪಾತ, ಗಿಳಿ, ಹಣ್ಣಿನ ವಿಡಿಯೋ ಓಡ್ತಿತ್ತು. ಆಹಾ ಅನ್ನಿಸಿತು. ಅಂಥ ವಿಡಿಯೋದಲ್ಲಿ ಯಾವ ಪ್ಯಾನೆಲ್ ಆದರೂ ಚೆನ್ನಾಗೇ ಕಾಣುತ್ತೆ ಅನ್ನೋದು ಆಗ ಹೊಳೆಯಲಿಲ್ಲ. ಮನೆಗೆ ತಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಒಂದು ನೆಲಮಾಳಿಗೆಯ ಸೀನ್‌ಗೆ ಬಂದೆ. ಕತ್ತಲೆ ಗೋಡೆ, ಮುಂದೊಂದು ಕಂಬ. ಮೌಸ್ ಎಡಕ್ಕೆ ಎಳೆದರೆ ಕಂಬದ ಹಿಂದೆ ಕಪ್ಪು ಬಾಲವೂ ಎಳೆದುಕೊಂಡು ಬಂತು. ಮಗುವಿನ ಕಣ್ಣಿನ ಕಾಡಿಗೆ ಕೆನ್ನೆಗೆ ಒರೆಸಿದ ಹಾಗೆ. ಮೊದಲು ಕಾರ್ಡ್ ಕೆಟ್ಟಿದೆ ಅಂದುಕೊಂಡೆ. ಡ್ರೈವರ್ ಎರಡು ಸಲ ಹಾಕಿದೆ. ಕೊನೆಗೆ ಗೊತ್ತಾಯಿತು, ಅದು ವಿಎ ಪ್ಯಾನೆಲ್‌ನ ಗುಣ.

ವಿಎಯಲ್ಲಿ ಕರೆಂಟ್ ಇಲ್ಲದಾಗ ಪ್ಯಾನೆಲ್ ಒಳಗಿನ ದ್ರವ ಹರಳುಗಳು ನೆಟ್ಟಗೆ ನಿಂತು ಹಿಂದಿನ ಬೆಳಕನ್ನು ಚೆನ್ನಾಗಿ ತಡೆಯುತ್ತವೆ. ಅದಕ್ಕೇ ಕಪ್ಪು ನಿಜವಾಗಿ ಕಪ್ಪಾಗಿ ಕಾಣುವುದು. ಕಾಂಟ್ರಾಸ್ಟ್ (ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತೆ ಅನ್ನೋ ಲೆಕ್ಕ) ಸುಮಾರು 3000:1, ಸಾಮಾನ್ಯ ಐಪಿಎಸ್‌ನದು ಸುಮಾರು 1000:1. ಆದರೆ ಕಪ್ಪಿನಿಂದ ಸ್ವಲ್ಪವೇ ಬೂದಿಗೆ ಬರಬೇಕಾದಾಗ ಸಿಗುವ ತಳ್ಳು ಸಣ್ಣದು. ಹರಳು ನಿಧಾನಕ್ಕೆ ಏಳುತ್ತೆ. 180 ಹರ್ಟ್ಸ್‌ನಲ್ಲಿ ಸುಮಾರು 5.6 ಮಿಲಿಸೆಕೆಂಡಿಗೊಂದು ಹೊಸ ಚಿತ್ರ ಬರಬೇಕು. ಹರಳಿಗೆ 20 ಮಿಲಿಸೆಕೆಂಡ್ ಹಿಡಿದರೆ ಹಳೇ ಚಿತ್ರದ ಕಲೆ ಉಳಿದೇ ಉಳಿಯುತ್ತೆ. ಬೆಳಕಿನ ಸೀನ್‌ನಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಎಲ್ಲಾ ವಿಎ ಹೀಗೇ ಅಂತಲೂ ಅಲ್ಲ, ದುಬಾರಿ ವಿಎಗಳಲ್ಲಿ ಇದನ್ನು ತುಂಬಾ ಪಳಗಿಸಿದ್ದಾರೆ. ನಿಮ್ಮ ಬಜೆಟ್‌ನವು ಬಹುಪಾಲು ಪಳಗಿದವಲ್ಲ. ಅಗ್ಗದ ಬಾಗಿದ ಮಾನಿಟರ್ ಕಂಡರೆ ಒಳಗೆ ವಿಎ ಇರೋದೇ ಜಾಸ್ತಿ.

ಆ ಮಾನಿಟರ್ ಈಗ ಅಪ್ಪನ ಕೋಣೆಯಲ್ಲಿದೆ. ಲೈಟ್ ಆರಿಸಿ ಹಳೇ ಸಿನಿಮಾ ನೋಡ್ತಾರೆ. ಅವರಿಗೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ. ಸಿನಿಮಾಕ್ಕೆ ನಿಜವಾಗಿಯೂ ಅದೇ ಸರಿ.

ಮೀರಾ ರೋಡ್:
ಟಿಎನ್ ಅನ್ನೋ ಹಳೇ ಬಗೆಯ ಪ್ಯಾನೆಲ್ ಬಗ್ಗೆ ಯಾರೂ ಹೇಳಲ್ಲ ಅಂತ ನಾನೇ ಹೇಳ್ತೇನೆ. 24 ಇಂಚಿನ 144 ಹರ್ಟ್ಸ್ ಟಿಎನ್ ಐದು ವರ್ಷ ಬಳಸಿದೆ. ವೇಗಕ್ಕೆ ದೂರಿಲ್ಲ. ಆದರೆ ನಮ್ಮದು ಒಂದೇ ಕೋಣೆಯ ಮನೆ. ಕುರ್ಚಿಯಲ್ಲಿ ತಮ್ಮ, ಮಂಚದ ಮೇಲೆ ನಾನು. ಮಲಗಿಕೊಂಡು ಕೆಳಗಿನಿಂದ ನೋಡಿದರೆ ಮುಖಗಳೆಲ್ಲ ಫೋಟೋ ನೆಗೆಟಿವ್ ಥರ! ಈಗ ಐಪಿಎಸ್‌ಗಳೂ ಅಷ್ಟೇ ಚುರುಕಾಗಿವೆ, ಟಿಎನ್ ಕಡೆ ಹೋಗಲೇಬೇಡಿ.

ಕೊತ್ರೂಡ್, ಪುಣೆ:
ನನ್ನ ಓಟು ಐಪಿಎಸ್‌ಗೆ. 27 ಇಂಚು, 1440ಪಿ (ಮೇಲಿಂದ ಕೆಳಗೆ 1440 ಸಾಲು ಪಿಕ್ಸೆಲ್), 180 ಹರ್ಟ್ಸ್. ನಿಮ್ಮ ಕಾರ್ಡಿಗೆ ಇದೇ ಹೊಂದುತ್ತೆ. 27 ಇಂಚಿನಲ್ಲಿ 1080ಪಿ ಮಾತ್ರ ಬೇಡ. ಒಂದು ಇಂಚಿಗೆ ಸುಮಾರು 82 ಪಿಕ್ಸೆಲ್ ಆಗುತ್ತೆ, ಅಕ್ಷರ ಒರಟಾಗಿ ಕಾಣುತ್ತೆ. 1440ಪಿ ಆದರೆ 109. ಹಗಲು ಎಂಟು ಗಂಟೆ ಕೋಡ್ ನೋಡುವವರಿಗೆ ಈ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತೆ.

ಇದರ ದೋಷವನ್ನೂ ಹೇಳಿಬಿಡ್ತೇನೆ. ಲೈಟ್ ಆರಿಸಿದರೆ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತೆ, ಮೂಲೆಗಳಲ್ಲಿ ಮಂಜಿನಂಥ ಹೊಳಪು. ಅದಕ್ಕೆ ಐಪಿಎಸ್ ಗ್ಲೋ ಅಂತಾರೆ. ತಲೆ ಅತ್ತಿತ್ತ ಆಡಿಸಿದರೆ ಹೊಳಪೂ ಸರಿಯುತ್ತೆ. ಸರಿಯದೆ ಒಂದೇ ಕಡೆ ಹಳದಿ ಮಚ್ಚೆ ಕೂತಿದ್ದರೆ ಅದು ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಸೋರಿಕೆ. ಜಾಸ್ತಿ ಇದ್ದರೆ ಬದಲಿಸಿ ಕೇಳಿ. ನಾನು ಮಾನಿಟರ್ ಹಿಂದಿನ ಗೋಡೆಗೆ ಒಂದು ಎಲ್ಇಡಿ ಪಟ್ಟಿ ಅಂಟಿಸಿದೆ. ಗೋಡೆ ಸ್ವಲ್ಪ ಬೆಳಗಿದರೆ ಕಣ್ಣಿಗೆ ಆ ಬೂದಿಯೂ ಕಪ್ಪಾಗೇ ಕಾಣುತ್ತೆ. ಸುಮ್ನೆ ಹೇಳ್ತಿಲ್ಲ, ಮಾಡಿ ನೋಡಿ.

ಇನ್ನೊಂದು, ನಗಬೇಡಿ. ತಂದ ಮೇಲೆ ಮೂರು ತಿಂಗಳು ಆಡಿದೆ. "180 ಹರ್ಟ್ಸ್ ಅಂದ್ರೆ ಬೆಣ್ಣೆ ಇದ್ದ ಹಾಗಿದೆ ಕಣೋ" ಅಂತ ಗೆಳೆಯರಿಗೆಲ್ಲ ಕೊಚ್ಚಿಕೊಂಡೆ. ಒಬ್ಬ ಮನೆಗೆ ಬಂದವನು ವಿಂಡೋಸ್ ಸೆಟಿಂಗ್ಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ತೋರಿಸಿದ. 60 ಹರ್ಟ್ಸ್! ಅದನ್ನು ನಾವೇ ಹೋಗಿ ಬದಲಿಸಬೇಕು. ಹಾಗೇ ಬಾಕ್ಸ್‌ನಲ್ಲಿ ಬಂದ ಡಿಸ್‌ಪ್ಲೇಪೋರ್ಟ್ ಕೇಬಲ್ಲನ್ನೇ ಹಾಕಿ. ಎಚ್‌ಡಿಎಂಐ 2.0 ಆದರೆ 1440ಪಿಯಲ್ಲಿ ಸಾಮಾನ್ಯವಾಗಿ 144ಕ್ಕೇ ನಿಲ್ಲುತ್ತೆ.

ಬಾಕ್ಸ್ ಮೇಲಿನ "1 ಮಿಲಿಸೆಕೆಂಡ್" ಕಂಡು ಮರುಳಾಗಬೇಡಿ. ಎಂಪಿಆರ್‌ಟಿ ಅಂತ ಬರೆದಿದ್ದರೆ ಅದು ಪಿಕ್ಸೆಲ್‌ನ ವೇಗವಲ್ಲ, ಬ್ಯಾಕ್‌ಲೈಟನ್ನು ಪಟಪಟ ಆರಿಸಿ ಹತ್ತಿಸಿ ಬಂದ ಲೆಕ್ಕ. ಆ ಮೋಡ್‌ನಲ್ಲಿ ಪರದೆ ಮಂಕಾಗುತ್ತೆ. ಪಿಕ್ಸೆಲ್‌ನ ವೇಗ ಹೆಚ್ಚಿಸುವ, ಮೆನುವಿನ ಓವರ್‌ಡ್ರೈವನ್ನೂ ಕೊನೆಯ ಮೆಟ್ಟಿಲಿಗೆ ಏರಿಸಬೇಡಿ, ಓಡುವ ವಸ್ತುವಿನ ಹಿಂದೆ ಬಿಳಿ ಅಂಚು ಬರುತ್ತೆ. ನಡುವಿನದು ಸಾಕು.

ವಾಸ್ಕೊ, ಗೋವಾ:
ಓಎಲ್ಇಡಿ ನನ್ನ ಹತ್ತಿರ ಐತ್ರಿ. 20 ಸಾವಿರಕ್ಕೆ ಬರುವುದಿಲ್ಲ, ಆದರೂ ಮುಂದೆ ಯಾವತ್ತಾದರೂ ಬೇಕಾಗಬಹುದು ಅಂತ ಬರೀತಿದ್ದೇನೆ. ಕಾಸಿಗೆ ತಕ್ಕ ಕಜ್ಜಾಯ ಅನ್ನೋ ಮಾತು ಇಲ್ಲಿ ಪೂರ್ತಿ ಸತ್ಯ. ಒಂದೊಂದು ಪಿಕ್ಸೆಲ್ಲೂ ತಾನೇ ಉರಿದು ತಾನೇ ಆರುತ್ತೆ. ಕಪ್ಪು ಅಂದರೆ ಆರಿದ ಪಿಕ್ಸೆಲ್. ಡೊಂಬಿವಲಿಯವರು ಹೇಳಿದ ಬಾಲ ಇಲ್ಲಿ ಹುಡುಕಿದರೂ ಸಿಗೋದಿಲ್ಲ.

ನನ್ನದು ಕ್ಯೂಡಿ ಓಎಲ್ಇಡಿ, ಓಎಲ್ಇಡಿಯಲ್ಲೇ ಒಂದು ಬಗೆ. ಮಧ್ಯಾಹ್ನ ಕಿಟಕಿ ತೆರೆದರೆ ಆ ಕಪ್ಪೇ ನೇರಳೆ ಮಿಶ್ರಿತ ಬೂದಿಯಾಗುತ್ತೆ. ಅದರಲ್ಲಿ ಪೋಲರೈಸರ್ ಪದರ ಇಲ್ಲ, ಹೊರಗಿನ ಬೆಳಕು ಒಳಗೆ ಹೋಗಿ ವಾಪಸ್ ಬರುತ್ತೆ. ನಿಮ್ಮ ಪಶ್ಚಿಮದ ಕಿಟಕಿಗೆ ಅದು ಆಗಿಬರೋದಿಲ್ಲ. ಕಿಟಕಿಗೆ ಕರ್ಟನ್ ದಪ್ಪದ್ದು ಹಾಕಬೇಕು.

ಈಗ ನಿಜವಾದ ಪೆಟ್ಟು ಕೇಳ್ರಿ. ನಮ್ಮ ಅವ್ವನಿಗೆ ಮಲಗುವ ಮೊದಲು ಮನೆಯ ಎಲ್ಲಾ ಸ್ವಿಚ್ ಆರಿಸುವ ಅಭ್ಯಾಸ. ಧಾರವಾಡದಲ್ಲೂ ಹಾಗೇ, ಇಲ್ಲೂ ಹಾಗೇ. ಟಿವಿ, ಮಿಕ್ಸರ್, ನನ್ನ ಮಾನಿಟರ್, ಟಕ್ ಟಕ್ ಟಕ್. ಎಂಟು ತಿಂಗಳಿಗೆ ಒಂದು ಬಿಳಿ ಪುಟ ತೆರೆದಾಗ ಕೆಳಗೆ ಟಾಸ್ಕ್‌ಬಾರ್‌ನ ತೆಳು ನೆರಳು ಕಂಡಿತು. ಓಎಲ್ಇಡಿ ಮಾನಿಟರ್ ಆರಿಸಿದ ಮೇಲೆ ಸ್ಟ್ಯಾಂಡ್‌ಬೈಯಲ್ಲಿದ್ದಾಗ ತನ್ನ ಪಿಕ್ಸೆಲ್‌ಗಳನ್ನು ತಾನೇ ಸರಿಮಾಡಿಕೊಳ್ಳುತ್ತೆ. ಗೋಡೆಯ ಸ್ವಿಚ್ಚೇ ಆರಿಸಿದರೆ ಆ ಕೆಲಸ ನಡೆಯೋದೇ ಇಲ್ಲ. ಮೆನುವಿನಿಂದ ಪಿಕ್ಸೆಲ್ ರಿಫ್ರೆಶ್ ಎರಡು ಸಲ ಓಡಿಸಿದೆ. ನೆರಳು ಮುಕ್ಕಾಲು ಹೋಯಿತು, ಕಾಲು ಉಳಿದಿದೆ. ಈಗ ಆ ಸ್ವಿಚ್ ಮೇಲೆ ಕೆಂಪು ಟೇಪ್ ಅಂಟಿಸಿ "ಅವ್ವಾ, ಇದು ಬೇಡ" ಅಂತ ಬರೆದಿದ್ದೇನೆ. ಟಾಸ್ಕ್‌ಬಾರ್ ಅಡಗಿಸಿದ್ದೇನೆ, ವಾಲ್‌ಪೇಪರ್ ಪೂರ್ತಿ ಕಪ್ಪು. ಹಗಲೆಲ್ಲ ಪರದೆಯ ಮೇಲೆ ಒಂದೇ ವಿಂಡೋ ತೆರೆದಿಟ್ಟು ಕೆಲಸ ಮಾಡುವ ನಿಮ್ಮಂಥವರಿಗೆ ಇದು ಇನ್ನೂ ತಲೆನೋವು.

ವಾಕಡ್:
ಎಲ್ಲರಿಗೂ ಥ್ಯಾಂಕ್ಸ್. ಅವ್ವನ ಕಥೆಗೆ ರೂಮಿನವರೆಲ್ಲ ಬಿದ್ದು ಬಿದ್ದು ನಕ್ಕೆವು. ಹಾಗಾದರೆ 27 ಇಂಚು, 1440ಪಿ, ಐಪಿಎಸ್. ಕಿಟಕಿ ಇದೆಯಲ್ಲ, ಮ್ಯಾಟ್ (ಹೊಳೆಯದ) ಪರದೆಯದ್ದೇ ನೋಡ್ತೇನೆ. ಭಾನುವಾರ ಅಂಗಡಿ ತೆರೆದಿರುತ್ತೋ ಇಲ್ಲವೋ, ಶನಿವಾರವೇ ಬುಧವಾರ ಪೇಟೆಯ ತಪ್ಕೀರ್ ಗಲ್ಲಿಗೆ ಹೋಗ್ತೇನೆ. ಅಂಗಡಿಯಲ್ಲಿ ಏನೇನು ನೋಡಬೇಕು?

ಡೊಂಬಿವಲಿ:
ಗಿಳಿಯ ವಿಡಿಯೋ ನಿಲ್ಲಿಸಿ ಅಂತ ಮೊದಲು ಹೇಳಿ. ಪೆನ್‌ಡ್ರೈವ್‌ನಲ್ಲಿ ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಐದು ಚಿತ್ರ ಹಾಕಿಕೊಂಡು ಹೋಗಿ. ಬಣ್ಣದ ಪರದೆಯಲ್ಲಿ ಸತ್ತ ಪಿಕ್ಸೆಲ್ ಚುಕ್ಕಿಯಾಗಿ ಕಾಣುತ್ತೆ, ಕಪ್ಪಿನಲ್ಲಿ ಸೋರಿಕೆ. ಅಲ್ಲಿ ಇಂಟರ್ನೆಟ್ ಇದ್ದರೆ ಟೆಸ್ಟ್ ಯುಎಫ್‌ಒ ಅನ್ನೋ ವೆಬ್‌ಸೈಟ್ ತೆರೆದು ಹಾರುವ ತಟ್ಟೆಗಳ ಹಿಂದೆ ಬಾಲ ಎಷ್ಟಿದೆ ನೋಡಿ. ಮುಖ್ಯವಾಗಿ ಪ್ರದರ್ಶನಕ್ಕಿಟ್ಟ ಪೀಸ್ ನೋಡಿ ಬಂದುಬಿಡಬೇಡಿ. ನಿಮಗೆ ಕೊಡುವ ಬಾಕ್ಸನ್ನೇ ಒಡೆಸಿ ಹಚ್ಚಿಸಿ. ಎಷ್ಟು ಪಿಕ್ಸೆಲ್ ಸತ್ತರೆ ಬದಲಿಸಿಕೊಡ್ತಾರೆ ಅಂತ ಬಿಲ್ ಮಾಡಿಸುವ ಮೊದಲೇ ಕೇಳಿ, ಒಂದೊಂದು ಕಂಪನಿಯದು ಒಂದೊಂದು ಲೆಕ್ಕ.

ಕೊತ್ರೂಡ್:
ಗಾಡಿಯಲ್ಲಿ ತರೋದಾದರೆ ಹಿಂದೆ ಒಬ್ಬರು ಕೂತು ಹಿಡಿದುಕೊಳ್ಳಲೇಬೇಕು. 27 ಇಂಚಿನ ಬಾಕ್ಸ್ ಸ್ಕೂಟರ್ ಮುಂದೆ ನಿಲ್ಲೋದಿಲ್ಲ, ಹ್ಯಾಂಡಲ್ ತಿರುಗಲ್ಲ. ನಾನು ರಿಕ್ಷಾಕ್ಕೇ ಕೊಟ್ಟೆ.

ವಾಕಡ್:
ರೂಮ್‌ಮೇಟ್‌ನ ಒಪ್ಪಿಸಿದೆ. ವಾಪಸ್ ಬರುವಾಗ ಅವನಿಗೆ ಮಿಸಳ್ ಕೊಡಿಸಬೇಕಂತೆ.