ಸಮುದ್ರದ ಪಿಎಚ್ ಇಳಿಕೆ: ಅಳೆಯುವುದು ಹೇಗೆ, ಮುಂದಿನದನ್ನು ಹೇಳುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಸಮುದ್ರ ಆಮ್ಲೀಯವಾಗುತ್ತಿದೆ, ಅದರ ಮೇಲ್ಪದರದ ಪಿಎಚ್ (ಇದು ಇಳಿದಷ್ಟೂ ಆಮ್ಲೀಯತೆ ಹೆಚ್ಚು) ವರ್ಷಕ್ಕೆ 0.002ರಷ್ಟು ಇಳಿಯುತ್ತಿದೆ ಅಂತ ಓದಿದೆ. ನಮ್ಮ ಲ್ಯಾಬಿನ ಮೀಟರ್ ಎರಡನೇ ದಶಾಂಶದಲ್ಲೇ ಕುಣಿಯುತ್ತಿರುತ್ತದೆ. ಇಷ್ಟು ಸಣ್ಣ ಇಳಿಕೆಯನ್ನು ಹಿಡಿಯುವುದಾದರೂ ಹೇಗೆ? ಇದೇ ಗೆರೆಯನ್ನು ಮುಂದಕ್ಕೆ ಎಳೆದು 2100ರ ಲೆಕ್ಕ ಹೇಳುತ್ತಾರಾ?

ಉತ್ತರ (ಸಾಗರ ರಸಾಯನ ವಿಜ್ಞಾನಿ): ಸರ್, ನಿಮ್ಮ ಮೀಟರಿನ ತಪ್ಪಲ್ಲ. ಗಾಜಿನ ಎಲೆಕ್ಟ್ರೋಡು ಈ ಕೆಲಸಕ್ಕೆ ಒಗ್ಗುವುದಿಲ್ಲ, ಅಷ್ಟೇ. ನಾವು ಬಣ್ಣದಿಂದ ಅಳೆಯುತ್ತೇವೆ. ಶುದ್ಧೀಕರಿಸಿದ ಮೆಟಾ ಕ್ರೆಸಾಲ್ ಪರ್ಪಲ್ ಎಂಬ ಸೂಚಕವನ್ನು ನೀರಿಗೆ ಬೆರೆಸಿ, 434 ಮತ್ತು 578 ನ್ಯಾನೊಮೀಟರ್ ತರಂಗಾಂತರಗಳಲ್ಲಿ ಅದು ಎಷ್ಟೆಷ್ಟು ಬೆಳಕು ಹೀರಿತು ಎಂದು ನೋಡುತ್ತೇವೆ. ಆ ಎರಡರ ಅನುಪಾತದಿಂದ ಪಿಎಚ್ ಸಿಗುತ್ತದೆ. ಚೆನ್ನಾಗಿ ಮಾಡಿದರೆ ಮೂರನೇ ದಶಾಂಶದವರೆಗೂ ನೆಚ್ಚಬಹುದು.

ಆದರೆ ಯಂತ್ರಕ್ಕಿಂತ ಬಾಟಲಿಯದೇ ದೊಡ್ಡ ತಲೆನೋವು. ರಬ್ಬರ್ ಕೊಳವೆಯನ್ನು ತಳಕ್ಕೆ ಮುಟ್ಟಿಸಿ, ಒಂದು ಗುಳ್ಳೆಯೂ ಏಳದಂತೆ ತುಂಬಿಸಿ, ನೀರು ತುಳುಕಿ ಹೋಗಲು ಬಿಡಬೇಕು. ಸ್ಯಾಂಪಲ್ಲನ್ನು ಇಟ್ಟು ಆಮೇಲೆ ಅಳೆಯುವುದಾದರೆ ಕೂಡಲೇ ಒಂದಿಷ್ಟು ಮರ್ಕ್ಯುರಿಕ್ ಕ್ಲೋರೈಡ್ ಹಾಕಿ ಮುಚ್ಚಳಕ್ಕೆ ಗ್ರೀಸ್ ಸವರುತ್ತೇವೆ. ಆ ವಿಷ ಹಾಕದಿದ್ದರೆ ಬಾಟಲಿಯೊಳಗಿನ ಸೂಕ್ಷ್ಮಜೀವಿಗಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಟ್ಟು ನಮ್ಮ ಲೆಕ್ಕ ಕೆಡಿಸುತ್ತವೆ. ತಾಪಮಾನದ ಕಾಟ ಬೇರೆ. ಮುಚ್ಚಿದ ಬಾಟಲಿಯ ನೀರು ಒಂದು ಡಿಗ್ರಿ ಬಿಸಿಯಾದರೆ ಸಾಕು, ಪಿಎಚ್ ಸುಮಾರು 0.016 ಇಳಿಯುತ್ತದೆ. ಅಂದರೆ ಥರ್ಮಾಮೀಟರ್ ಒಂದು ಡಿಗ್ರಿ ತಪ್ಪಿದರೆ ಎಂಟು ವರ್ಷದ ಆಮ್ಲೀಕರಣ ನಿಮ್ಮ ಟೇಬಲ್ ಮೇಲೇ ಆಗಿಹೋಯಿತು!

ಹಾಗಾಗಿ ಪಿಎಚ್ ಒಂದನ್ನೇ ನಂಬುವುದಿಲ್ಲ. ಪಿಎಚ್, ಕರಗಿದ ಒಟ್ಟು ಅಜೈವಿಕ ಇಂಗಾಲ, ಒಟ್ಟು ಕ್ಷಾರತೆ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ), ಇಂಗಾಲದ ಡೈಆಕ್ಸೈಡಿನ ಆಂಶಿಕ ಒತ್ತಡ (ಆ ಅನಿಲವೊಂದರದೇ ಒತ್ತಡ), ಈ ನಾಲ್ಕರಲ್ಲಿ ಎರಡು ಗೊತ್ತಿದ್ದರೆ ಉಳಿದೆರಡನ್ನು ಲೆಕ್ಕ ಹಾಕಬಹುದು. ಮೂರನೆಯದನ್ನೂ ಅಳೆದರೆ ತಾಳೆ ನೋಡಲು ಬರುತ್ತದೆ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಆಂಡ್ರ್ಯೂ ಡಿಕ್ಸನ್ ಅವರ ಪ್ರಯೋಗಾಲಯ ಇಂಗಾಲ ಮತ್ತು ಕ್ಷಾರತೆಯ ಪ್ರಮಾಣ ನಿಖರವಾಗಿ ಗೊತ್ತಿರುವ ಸಮುದ್ರದ ನೀರನ್ನು ಬಾಟಲಿಗಳಲ್ಲಿ ತುಂಬಿ ಜಗತ್ತಿನ ಲ್ಯಾಬುಗಳಿಗೆ ಕಳಿಸುತ್ತ ಬಂದಿತು. ಬೇರೆ ಬೇರೆ ದೇಶಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಗಿದ್ದೇ ಆ ನೀರಿನಿಂದ. ನನ್ನನ್ನು ಕೇಳಿದರೆ ಈ ಕ್ಷೇತ್ರದಲ್ಲಿ ಉಪಗ್ರಹಕ್ಕಿಂತ ದೊಡ್ಡ ಸಂಗತಿ ಅದು.

ಹವಾಯಿಯ ಉತ್ತರಕ್ಕೆ ಸಮುದ್ರದಲ್ಲಿ ಗೊತ್ತುಮಾಡಿರುವ ಅಲೋಹಾ ಎಂಬ ಅಳತೆಯ ನಿಲ್ದಾಣದಲ್ಲೂ ಬರ್ಮುಡಾ ಬಳಿಯೂ 1988ರಿಂದ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹಡಗು ಹೋಗಿ ಹೀಗೆ ನೀರು ತರುತ್ತಿದೆ. ಒಂದು ವರ್ಷದ ಅಂಕಿಯಲ್ಲಿ 0.002 ಕಾಣುವುದೇ ಇಲ್ಲ, ಋತುಮಾನದ ಏರಿಳಿತ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ದಶಕಗಳ ಸಾಲು ಕೂಡಿದಾಗ ಮಾತ್ರ ಇಳಿಜಾರು ಎದ್ದು ಕಾಣುತ್ತದೆ.

ಇನ್ನೊಬ್ಬ ಸದಸ್ಯರು: ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಸೋಡಾ ಬಿಸಿಯಾದರೆ ಗ್ಯಾಸ್ ಹೊರಟುಹೋಗುತ್ತದಲ್ಲ? ಸಮುದ್ರವೂ ಬಿಸಿಯಾಗುತ್ತಿದೆ. ಹಾಗಾದರೆ ಆಮ್ಲೀಕರಣ ತಾನಾಗಿಯೇ ನಿಲ್ಲಬೇಕಲ್ಲ?

ಉತ್ತರ: ಬಿಸಿನೀರು ಕಡಿಮೆ ಅನಿಲ ಹಿಡಿದಿಡುತ್ತದೆ, ನಿಜ. ಆದರೆ ಮೇಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 280ರಿಂದ 420 ದಾಟಿದೆ. ಆ ಒತ್ತಡದ ಮುಂದೆ ಬಿಸಿಯ ಪರಿಣಾಮ ಸಣ್ಣದು. ನಾವು ಹೊರಬಿಡುವುದರಲ್ಲಿ ಸುಮಾರು ಕಾಲು ಭಾಗ ಈಗಲೂ ಸಮುದ್ರಕ್ಕೇ ಹೋಗುತ್ತಿದೆ. ಒಳಗೆ ಹೋದ ಅನಿಲ ಕಾರ್ಬೊನೇಟ್ ಅಯಾನುಗಳನ್ನು ಬೈಕಾರ್ಬೊನೇಟ್ ಮಾಡುತ್ತದೆ. ಕಾರ್ಬೊನೇಟ್ ಕಡಿಮೆಯಾದಷ್ಟೂ ಆಮ್ಲವನ್ನು ತಡೆದುಕೊಳ್ಳುವ ನೀರಿನ ತಾಳಿಕೆ ಕುಗ್ಗಿ, ಮುಂದೆ ಬರುವ ಅಷ್ಟೇ ಅನಿಲಕ್ಕೆ ಪಿಎಚ್ ಇನ್ನೂ ಹೆಚ್ಚು ಇಳಿಯುತ್ತದೆ. ಮೇಷ್ಟ್ರು ಕೇಳಿದ ನೇರ ಗೆರೆ ನಡೆಯದಿರುವುದಕ್ಕೆ ಇದೊಂದು ಕಾರಣ.

ಪ್ರಶ್ನೆ ಕೇಳಿದವರು: ಹಾಗಾದರೆ 2100ರ ಅಂಕಿ ಎಲ್ಲಿಂದ ಬರುತ್ತದೆ ಮೇಡಂ? ನಂಬಬಹುದಾ?

ಉತ್ತರ: ತೆರೆದ ಸಾಗರದ ಮೇಲ್ಮೈ ಮಟ್ಟಿಗೆ ಧಾರಾಳವಾಗಿ ನಂಬಿ. ಅಲ್ಲಿ ಪಿಎಚ್ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೇ ಹಿಂಬಾಲಿಸುತ್ತದೆ, ಅಂಕಿ ಕೊಡುವ ಕಂಪ್ಯೂಟರ್ ಮಾಡೆಲ್‌ಗಳ ನಡುವೆ ಹೆಚ್ಚು ಜಗಳವಿಲ್ಲ. 19ನೇ ಶತಮಾನದ ಕೊನೆಗೆ ಹೋಲಿಸಿದರೆ, ಹೊಗೆಯನ್ನು ಬೇಗ ತಗ್ಗಿಸುವ ದಾರಿಯಲ್ಲಿ ಈ ಶತಮಾನದ ಅಂತ್ಯಕ್ಕೆ ಇಳಿಕೆ ಸುಮಾರು 0.16, ಅತಿ ಹೆಚ್ಚು ಹೊಗೆಯ ದಾರಿಯಲ್ಲಿ 0.44. ಪಿಎಚ್ ಲಾಗರಿದಮ್ ಲೆಕ್ಕವಾದ್ದರಿಂದ 0.44 ಎಂದರೆ ಹೈಡ್ರೋಜನ್ ಅಯಾನು ಎರಡೂಮುಕ್ಕಾಲು ಪಟ್ಟು. ಅನಿಶ್ಚಿತತೆ ಇರುವುದು ರಸಾಯನಶಾಸ್ತ್ರದಲ್ಲಲ್ಲ, ಮನುಷ್ಯರು ಯಾವ ದಾರಿ ಹಿಡಿಯುತ್ತಾರೆ ಎನ್ನುವುದರಲ್ಲಿ.

ಕರಾವಳಿಯ ಕತೆಯೇ ಬೇರೆ. ನದಿನೀರು, ಪಾಚಿ, ಕೊಳೆತ, ಆಳದಿಂದ ಮೇಲೇಳುವ ನೀರು ಎಲ್ಲ ಸೇರಿ ಹಗಲು ರಾತ್ರಿಯ ನಡುವೆಯೇ ಪಿಎಚ್ ಒಂದು ಶತಮಾನದ ಬದಲಾವಣೆಯಷ್ಟು ಏರಿಳಿಯಬಹುದು. ಅಮೆರಿಕದ ಒರೆಗಾನ್ ತೀರದಲ್ಲಿ ಸಿಂಪಿ ಮರಿ ಬೆಳೆಸುವ ವಿಸ್ಕಿ ಕ್ರೀಕ್ ಹ್ಯಾಚರಿಯಲ್ಲಿ 2007ರ ಸುಮಾರಿಗೆ ಮರಿಗಳು ರಾಶಿರಾಶಿ ಸತ್ತವು. ಮೊದಲು ಬ್ಯಾಕ್ಟೀರಿಯಾ ಎಂದುಕೊಂಡರು. ನಿಜವಾದ ಕಾರಣ, ಗಾಳಿ ಬೀಸಿದಾಗ ಮೇಲೆದ್ದು ಬರುತ್ತಿದ್ದ, ಇಂಗಾಲದ ಡೈಆಕ್ಸೈಡ್ ತುಂಬಿದ ಆಳದ ನೀರು. ಅದರಲ್ಲಿ ಅರಗೊನೈಟ್ (ಒಂದು ಬಗೆಯ ಕ್ಯಾಲ್ಸಿಯಂ ಕಾರ್ಬೊನೇಟ್) ಚಿಪ್ಪು ಕಟ್ಟಿಕೊಳ್ಳಲು ಮರಿಗಳು ಹೆಣಗುತ್ತಿದ್ದವು. ಸೆನ್ಸರ್ ಹಾಕಿದ ಮೇಲೆ ಅವರು ದ್ಯುತಿಸಂಶ್ಲೇಷಣೆ ನಡೆದು ನೀರು ಸುಧಾರಿಸಿರುವ ಮಧ್ಯಾಹ್ನದ ಹೊತ್ತು ನೋಡಿ ತೊಟ್ಟಿ ತುಂಬತೊಡಗಿದರು, ನೀರಿಗೆ ಸೋಡಿಯಂ ಕಾರ್ಬೊನೇಟ್ ಬೆರೆಸಿದರು. ಅಲ್ಲಿ ಮೇಲೆ ಬರುವ ನೀರು ಗಾಳಿಯನ್ನು ಕೊನೆಯದಾಗಿ ಮುಟ್ಟಿದ್ದು ದಶಕಗಳ ಹಿಂದೆ. ಅಂದರೆ ಇಂದಿನ ಗಾಳಿಯಿಂದ ಕರಗಿದ ಇಂಗಾಲದ ಡೈಆಕ್ಸೈಡಿನ ಪಾಲು ಇನ್ನೂ ಆಳದಲ್ಲಿ ದಾರಿಯಲ್ಲಿದೆ, ನಾಳೆಯೇ ಹೊಗೆ ನಿಂತರೂ ಅದು ಬಂದೇ ಬರುತ್ತದೆ. ಇಂಥ ಕಡೆ ನೂರು ವರ್ಷದ ಲೆಕ್ಕಕ್ಕಿಂತ ಮೂರು ದಿನದ ಮುನ್ಸೂಚನೆ ಹೆಚ್ಚು ಉಪಯೋಗ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆ ತೀರಕ್ಕೆ ಅಂಥದ್ದನ್ನು ಮಾಡುತ್ತಾರೆ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಮಕ್ಕಳ ಕೈಯಲ್ಲಿ ಗ್ರಾಫ್ ಹಾಕಿಸಲು ಯಾವ ಡೇಟಾ ಒಳ್ಳೆಯದು?

ಉತ್ತರ: ಅಲೋಹಾದ್ದೇ ತೆಗೆದುಕೊಳ್ಳಿ, ಉಚಿತವಾಗಿ ಸಿಗುತ್ತದೆ. ಒಂದೇ ಎಚ್ಚರಿಕೆ: ಕಡತದಲ್ಲಿ ಪಿಎಚ್‌ಗೆ 25 ಡಿಗ್ರಿಯದ್ದು, ಸಮುದ್ರದ ಸಹಜ ತಾಪಮಾನದ್ದು ಎಂದು ಬೇರೆ ಬೇರೆ ಕಾಲಂ ಇವೆ, ಅಳೆದದ್ದು ಬೇರೆ, ಲೆಕ್ಕ ಹಾಕಿದ್ದು ಬೇರೆ. ಸಹಜ ತಾಪಮಾನದ ಒಂದೇ ಕಾಲಂ ಹಿಡಿದು ಹಾಕಿಸಿ. ಕೆಲವು ತಿಂಗಳು ಖಾಲಿ ಇರುತ್ತವೆ, ಅವನ್ನು ಸೊನ್ನೆ ಎಂದು ತುಂಬಲು ಮಾತ್ರ ಬಿಡಬೇಡಿ.